ಹಡಪವಳನ ಪದವಿ

ಅರಸುಮನೆಯ ಅಂಗಸೇವಕರನ್ನು ಕೇವಲ ಊಳಿಗದವರೆಂದು ಎಣಿಸುವುದು ಯುಕ್ತವಲ್ಲ. ಹಡಪವೆಂದರೆ ಎಲೆಯಡಕೆಯ ಸಂಚಿ. ಅದನ್ನು ಹಿಡಿವವನು ಹಡಪವಳನು. ಒಡೆಯನ ಬಾಯಿಗೆ ಹೋಗುವ ವೀಳೆಯವು ಇವನ ಕೈಯದಾದುದರಿಂದ, ವಿಷದ ಭಯವಿದ್ದ ಆಸ್ಥಾನಗಳಲ್ಲಿ ನಂಬುಗೆಯೇ ಇವನ ಪದವಿಗೆ ಮೂಲವಾಯಿತು.

ಆ ವೀಳೆಯದ ಬೆಲೆಯನ್ನು ತೈಮೂರನ ಮಗ ಶಾಹ್‌ರುಖನ ರಾಯಭಾರಿ ಅಬ್ದುರ್ ರಜಾಕನ ವೃತ್ತಾಂತದಿಂದ ತಿಳಿಯಬಹುದು. 1443ರಲ್ಲಿ ವಿಜಯನಗರದ ಇಮ್ಮಡಿ ದೇವರಾಯನನ್ನು ಕಂಡಾಗಲೆಲ್ಲ ಅವನಿಗೆ ಎರಡು ಕಟ್ಟು ವೀಳೆಯ, 500 ಹಣ, ಕರ್ಪೂರ ಇವು ಸಂದುವು. 1444ರಲ್ಲಿ ಅವನು ಹೊನ್ನಾವರದಲ್ಲಿ ಹಡಗನ್ನೇರಿ ಮರಳಿದನು. ವೃತ್ತಾಂತದಲ್ಲಿ ವೀಳೆಯದ ಲೆಕ್ಕವುಂಟು. ಅದನ್ನು ನೀಡಿದ ಕೈಯ ಹೆಸರಿಲ್ಲ.

ಬಸವಣ್ಣನವರ ಹಡಪ ಹಿಡಿದ ಅಪ್ಪಣ್ಣನಾದರೋ ತನ್ನ ವಚನಗಳಿಂದಲೇ ಉಳಿದನು. ವಚನ ಬರೆಯದ ಅರಮನೆಯ ಹಡಪವಳರನ್ನು ನಾವು ಶಾಸನಗಳಲ್ಲಿ ಹುಡುಕಿ ತೆಗೆಯಬೇಕಾಗಿದೆ.