ಬ್ಲಾಕ್‌ಚೈನ್: ಎಲ್ಲರ ಖಾತೆಪುಸ್ತಕ ಹಿಗ್ಗಿದ ಬಗೆ

ಪಹಣಿಯಲ್ಲಿ ಹೆಸರು ಬದಲಿಸಲು ಗೋಕಾಕದ ತಹಶೀಲ್ದಾರ್ ಕಚೇರಿಯಲ್ಲಿ ಸರದಿಗಾಗಿ ಕಾದ ನೆನಪು ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ಖಾತೆ ಒಂದು, ಬರೆಸುವವರು ಅನೇಕರು. ಬ್ಲಾಕ್‌ಚೈನ್‌ನ ತೊಡಕೂ ಇದೇ.

2009ರಲ್ಲಿ ಆರಂಭವಾದ ಬಿಟ್‌ಕಾಯಿನ್‌ನಲ್ಲಿ ಕಚೇರಿಯಿಲ್ಲ, ಗುಮಾಸ್ತನಿಲ್ಲ. ಖಾತೆಯನ್ನು ಕಾಯುವ ಪ್ರತಿ ಗಣಕವೂ ಪ್ರತಿ ವಹಿವಾಟನ್ನು ತಾನೇ ಪರೀಕ್ಷಿಸುತ್ತದೆ. ಆದ್ದರಿಂದ ಇನ್ನೂ ಸಾವಿರ ಗಣಕಗಳನ್ನು ಸೇರಿಸಿದರೂ ವೇಗ ಹೆಚ್ಚದು. ಎಲ್ಲವೂ ಮಾಡುವುದು ಅದೇ ಕೆಲಸವನ್ನು! ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್. ಅದರ ಗಾತ್ರಕ್ಕೆ 2010ರಲ್ಲಿ 1 ಮೆಗಾಬೈಟ್ ಮಿತಿ. ಸೆಕೆಂಡಿಗೆ ಏಳು ವಹಿವಾಟು ಸಾಗಿದರೆ ಹೆಚ್ಚು.

ಬ್ಲಾಕನ್ನೇ ಹಿಗ್ಗಿಸಬಾರದೇಕೆ? ಹಾಗೆ ವಾದಿಸಿದವರು 2017ರ ಆಗಸ್ಟ್‌ನಲ್ಲಿ ಬೇರ್ಪಟ್ಟು, 8 ಮೆಗಾಬೈಟ್ ಮಿತಿಯ ಬಿಟ್‌ಕಾಯಿನ್ ಕ್ಯಾಶ್ ಹೂಡಿದರು. ಆದರೆ ಖಾತೆ ದಪ್ಪವಾದಷ್ಟೂ ಅದನ್ನು ಮನೆಯ ಗಣಕದಲ್ಲಿ ಪರೀಕ್ಷಿಸಬಲ್ಲವರು ಕಡಿಮೆಯಾಗುತ್ತಾರೆ.

ಇನ್ನೊಂದು ದಾರಿ ಮೂಡಲಗಿಯನ್ನು ನೆನಪಿಸುತ್ತದೆ. ಗೋಕಾಕದಿಂದ ಬೇರ್ಪಟ್ಟು ಮೂಡಲಗಿ ತಾಲ್ಲೂಕಾದಾಗ ಆಡಳಿತದ ಹೊರೆ ಹಂಚಿಹೋಯಿತು. ಜಾಲವನ್ನು ಹೀಗೆ ತುಂಡರಿಸುವುದು ಶಾರ್ಡಿಂಗ್. ಎರಡು ತುಂಡುಗಳಿಗೂ ಸೇರಿದ ವಹಿವಾಟು ಒಂದೆಡೆ ದಾಖಲಾಗಿ ಇನ್ನೊಂದೆಡೆ ತಪ್ಪಿದರೇನು ಗತಿ? ಪ್ರತಿ ತುಂಡಿಗೂ ಕಾವಲುಗಾರರು ಕಡಿಮೆಯಾಗುವುದು ಬೇರೆ. ಎಥೀರಿಯಂ ಜಾಲ ಬಹುಕಾಲ ಇದನ್ನೇ ನೆಚ್ಚಿಕೊಂಡಿತ್ತು. 2020ರಲ್ಲಿ ಅದರ ರೂವಾರಿ ವಿಟಾಲಿಕ್ ಬ್ಯುಟೆರಿನ್ ರೋಲಪ್ ಎಂಬ ವಿಧಾನಕ್ಕೆ ಆದ್ಯತೆ ಕೊಡೋಣವೆಂದರು.

ಅದನ್ನು ಹುಕ್ಕೇರಿಯಿಂದ ಅರ್ಥಮಾಡಿಕೊಳ್ಳಿ. 1969ರಲ್ಲಿ ಸ್ಥಾಪನೆಯಾದ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ವಿದ್ಯುತ್ತನ್ನು ಸಗಟಾಗಿ ಕೊಂಡು ಮನೆ, ಪಂಪ್‌ಸೆಟ್ಟುಗಳಿಗೆ ಹಂಚುತ್ತದೆ. ಮನೆಮನೆಯ ಬಿಲ್ಲು ಸಂಘದ್ದು. ಮಾರಿದವರೊಡನೆ ಒಟ್ಟು ಲೆಕ್ಕ ಮಾತ್ರ. ರೋಲಪ್ ಕೂಡ ಸಾವಿರಾರು ವಹಿವಾಟುಗಳನ್ನು ಹೊರಗೆ ನಡೆಸಿ, ಫಲಿತಾಂಶವನ್ನು ಮೂಲ ಜಾಲಕ್ಕೆ ಒಪ್ಪಿಸುತ್ತದೆ. ಹೋಲಿಕೆ ಇಲ್ಲಿಗೆ ಸಾಕು, ಏಕೆಂದರೆ ಬರಿಯ ಒಟ್ಟು ಮೊತ್ತವನ್ನು ನಂಬುವಂತಿಲ್ಲ. ಬಿಡಿ ವಹಿವಾಟುಗಳ ಸಂಕುಚಿತ ವಿವರವನ್ನೂ ಪ್ರಕಟಿಸಬೇಕು. ಒಂದು ಬಗೆಯ ರೋಲಪ್‌ನಲ್ಲಿ ತಪ್ಪು ತೋರಿಸಲು ಸಾಮಾನ್ಯವಾಗಿ ಏಳು ದಿನಗಳ ಗಡುವು. ಇನ್ನೊಂದರಲ್ಲಿ ಲೆಕ್ಕ ಸರಿಯೆಂಬ ಗಣಿತೀಯ ಸಾಧನೆಯನ್ನೇ ಲಗತ್ತಿಸುತ್ತಾರೆ. ಇಂಥ ಸಾಧನೆಗಳ ಬೇರು ಗೋಲ್ಡ್‌ವಾಸರ್, ಮಿಕಾಲಿ, ರ‍್ಯಾಕಾಫ್ ಅವರ 1985ರ ಪ್ರಬಂಧದಲ್ಲಿದೆ. 2024ರ ಮಾರ್ಚ್‌ನಲ್ಲಿ ಎಥೀರಿಯಂ ಈ ವಿವರಗಳಿಗೆಂದೇ ಅಗ್ಗದ ಜಾಗ ಒದಗಿಸಿತು. ಸುಮಾರು 18 ದಿನಗಳ ನಂತರ ಅವನ್ನು ಅಳಿಸಬಹುದು. ರೋಲಪ್‌ಗಳ ಶುಲ್ಕ ತೀವ್ರವಾಗಿ ಇಳಿಯಿತು.

ಆದರೂ ಹಲವು ರೋಲಪ್‌ಗಳಲ್ಲಿ ವಹಿವಾಟುಗಳನ್ನು ಸರದಿಗೆ ಹಚ್ಚುವ ಯಂತ್ರ ಒಂದೇ ಸಂಸ್ಥೆಯ ಕೈಯಲ್ಲಿದೆ. ಬೇಡವೆಂದ ಗುಮಾಸ್ತ ಮರಳಿದ್ದಾನೆ ಎಂದೇ ನನ್ನ ಅನಿಸಿಕೆ. ಅವನು ನಿಮ್ಮ ಅರ್ಜಿಯನ್ನು ತಡೆಹಿಡಿದರೆ ನೇರವಾಗಿ ಮೂಲ ಜಾಲಕ್ಕೆ ಸಲ್ಲಿಸುವ ಅವಕಾಶ ಕೆಲವು ರೋಲಪ್‌ಗಳಲ್ಲಿ ಉಂಟು.