ಮೇಲ್ಮೈ ವರ್ಧಿತ ರಾಮನ್ ಚದುರಿಕೆ: ಲೋಹಮೇಲ್ಮೈ ತಯಾರಿಕೆಯ ಇತಿಹಾಸ

ಬೆಳ್ಳಿ ಅಥವಾ ಚಿನ್ನದ ಮೇಲ್ಮೈಯಲ್ಲಿ ಕೆಲವೇ ಹತ್ತು ನ್ಯಾನೋಮೀಟರ್ ಗಾತ್ರದ ಉಬ್ಬುತಗ್ಗುಗಳನ್ನು ಮೂಡಿಸಿ, ಅಲ್ಲಿ ಅಂಟಿಕೊಂಡ ಅಣುಗಳ ಕ್ಷೀಣವಾದ ರಾಮನ್ ಸಂಕೇತವನ್ನು ಲಕ್ಷಾಂತರ ಪಟ್ಟು ಹೆಚ್ಚಿಸಿ ಅವುಗಳನ್ನು ಗುರುತಿಸುವ ವಿಧಾನವಿದು. 1928ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಂಡುಹಿಡಿದ, ಅಣುಗಳಿಗೆ ತಾಗಿದ ಬೆಳಕಿನ ಒಂದಂಶ ಬಣ್ಣ ಬದಲಿಸಿ ಚದುರುವ ಪರಿಣಾಮದಿಂದ ಪ್ರತಿಯೊಂದು ಅಣುವಿಗೂ ಬೆರಳಚ್ಚಿನಂಥ ರೋಹಿತ ದೊರಕುತ್ತದೆಯಾದರೂ, ಹಾಗೆ ಬಣ್ಣ ಬದಲಿಸಿ ಚದುರುವ ಬೆಳಕು ತೀರಾ ಅಲ್ಪವಾದ್ದರಿಂದ ಅತ್ಯಲ್ಪ ಪ್ರಮಾಣದ ವಸ್ತುವಿನ ಪತ್ತೆಗೆ ಅದು ಬಹುಕಾಲ ಒದಗಲಿಲ್ಲ.

1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಫ್ಲೈಷ್‌ಮನ್, ಹೆಂಡ್ರಾ ಮತ್ತು ಮೆಕ್ವಿಲನ್ ಅವರು ಪಿರಿಡಿನ್ ಬೆರೆಸಿದ ಪೊಟ್ಯಾಸಿಯಮ್ ಕ್ಲೋರೈಡ್ ದ್ರಾವಣದಲ್ಲಿ ಬೆಳ್ಳಿಯ ವಿದ್ಯುದ್ವಾರವನ್ನಿಟ್ಟು, ಅದರ ವೋಲ್ಟೇಜನ್ನು ಮತ್ತೆ ಮತ್ತೆ ಏರಿಳಿಸಿದರು. ಏರಿದಾಗ ಬೆಳ್ಳಿ ಕ್ಲೋರೈಡಾಗಿ ಮಾರ್ಪಟ್ಟು, ಇಳಿದಾಗ ಮತ್ತೆ ಲೋಹವಾಗಿ ಒರಟೊರಟಾಗಿ ಕೂಡುತ್ತಿದ್ದ ಆ ಮೇಲ್ಮೈಯಿಂದ ಪಿರಿಡಿನ್ನಿನ ಸಂಕೇತ ಅನಿರೀಕ್ಷಿತ ತೀವ್ರತೆಯಲ್ಲಿ ಹೊಮ್ಮಿತು. ಮೇಲ್ಮೈಯ ವಿಸ್ತೀರ್ಣ ಹೆಚ್ಚಿ ಹೆಚ್ಚು ಅಣುಗಳು ಅಂಟಿದ್ದೇ ಇದಕ್ಕೆ ಕಾರಣವೆಂದು ಅವರು ಭಾವಿಸಿದ್ದರು. ಆದರೆ 1977ರಲ್ಲಿ ಅಮೆರಿಕದ ಜಾನ್‌ಮೇರ್ ಮತ್ತು ವ್ಯಾನ್ ಡೈನ್, ಅದೇ ವರ್ಷ ಪ್ರತ್ಯೇಕವಾಗಿ ಇಂಗ್ಲೆಂಡಿನ ಆಲ್ಬ್ರೆಕ್ಟ್ ಮತ್ತು ಕ್ರೈಟನ್, ಸುಮಾರು ಲಕ್ಷದಿಂದ ಹತ್ತು ಲಕ್ಷ ಪಟ್ಟಿನ ಈ ಹೆಚ್ಚಳವನ್ನು ವಿಸ್ತೀರ್ಣವೊಂದೇ ವಿವರಿಸಲಾರದೆಂದು ತೋರಿಸಿದರು. ಲೋಹದ ಎಲೆಕ್ಟ್ರಾನುಗಳು ಬೆಳಕಿಗೆ ಒಟ್ಟಾಗಿ ತುಯ್ಯುವುದರಿಂದ, ಅಂದರೆ ಪ್ಲಾಸ್ಮಾನುಗಳಿಂದ, ಸುತ್ತಲಿನ ವಿದ್ಯುತ್ ಕ್ಷೇತ್ರ ತೀವ್ರಗೊಳ್ಳುತ್ತದೆಂಬ ವಿವರಣೆಯನ್ನು 1978ರಲ್ಲಿ ಮಾಸ್ಕೊವಿಟ್ಸ್ ಮುಂದಿಟ್ಟರು. ಅಂದಿನಿಂದ ಈ ವಿಧಾನದ ಇತಿಹಾಸವೆಂದರೆ ಬಹುಮಟ್ಟಿಗೆ, ತಾನಾಗಿ ಮೂಡಿದ ಒರಟುತನವನ್ನು ಬೇಕಾದ ಆಕಾರಕ್ಕೆ ತರುವ ಪ್ರಯತ್ನದ ಇತಿಹಾಸವೇ.

1982ರಲ್ಲಿ ಲೀ ಮತ್ತು ಮೈಸೆಲ್ ವಿವರಿಸಿದ, ಕುದಿಯುವ ಬೆಳ್ಳಿ ಲವಣದ ದ್ರಾವಣಕ್ಕೆ ಸಿಟ್ರೇಟ್ ಸೇರಿಸಿ ಲೋಹಕಣಗಳ ಕಲಿಲ ಪಡೆಯುವ ಕ್ರಮ ಸುಲಭವೂ ಅಗ್ಗವೂ ಆದ್ದರಿಂದ ಬೇಗ ಹರಡಿತು. ಕಣಗಳ ಗಾತ್ರ ಮಾತ್ರ ಒಂದೇ ಸಮ ಇರುತ್ತಿರಲಿಲ್ಲ. 1995ರಲ್ಲಿ ಹಲ್ಟೀನ್ ಮತ್ತು ವ್ಯಾನ್ ಡೈನ್ ಪ್ರಕಟಿಸಿದ ನ್ಯಾನೋಗೋಳ ಲಿಥೋಗ್ರಫಿ ಈ ಕೊರತೆಯನ್ನು ಚೆಲುವಾಗಿ ನೀಗಿಸಿತು. ಪಾಲಿಸ್ಟೈರೀನಿನ ಸೂಕ್ಷ್ಮ ಗೋಳಗಳಿರುವ ದ್ರವವನ್ನು ಗಾಜಿನಂಥ ತಳದ ಮೇಲೆ ಆರಲು ಬಿಟ್ಟಾಗ ಗೋಳಗಳು ತಾವಾಗಿಯೇ ಒತ್ತೊತ್ತಾಗಿ ಷಟ್ಕೋನ ಜೋಡಣೆಯಲ್ಲಿ ನೆಲೆಸುತ್ತವೆ. ನಿರ್ವಾತದಲ್ಲಿ ಆವಿಯಾಗಿಸಿದ ಬೆಳ್ಳಿ ಅವುಗಳ ನಡುವಿನ ಸಂದುಗಳಲ್ಲಿ ಇಳಿದು ಕೂರುತ್ತದೆ. ಗೋಳಗಳನ್ನು ತೆಗೆದರೆ ತ್ರಿಕೋನಾಕಾರದ ಲೋಹಕಣಗಳು ಸಾಲಾಗಿ ಉಳಿಯುತ್ತವೆ.

1997ರಲ್ಲಿ ನೀ ಮತ್ತು ಎಮೊರಿ ಒಂದು ಕಡೆ, ಕ್ನೈಪ್ ಮತ್ತು ಸಂಗಡಿಗರು ಇನ್ನೊಂದು ಕಡೆ ಒಂಟಿ ಅಣುವಿನ ಸಂಕೇತವನ್ನೇ ದಾಖಲಿಸಿದರು. ಲೋಹಕಣಗಳೆರಡರ ನಡುವೆ ಕೆಲವೇ ನ್ಯಾನೋಮೀಟರ್ ಉಳಿದಿರುವ ಸಂದಿನಲ್ಲಿ ಕ್ಷೇತ್ರ ಅತ್ಯಂತ ಪ್ರಬಲವೆಂಬುದು ಸ್ಪಷ್ಟವಾದಂತೆ, ಅಂಥ ಸಂದುಗಳನ್ನು ಎಲ್ಲೆಡೆ ಒಂದೇ ಅಳತೆಯಲ್ಲಿ ನಿರ್ಮಿಸುವುದು ತಯಾರಕರ ಅತಿ ಕಠಿಣ ಸಮಸ್ಯೆಯಾಯಿತು. 2010ರಲ್ಲಿ ಚೀನಾದ ಷಿಯಾಮೆನ್ ವಿಶ್ವವಿದ್ಯಾಲಯದ ಟಿಯಾನ್ ಝೋಂಗ್‌ಚುನ್ ತಂಡ ಬೇರೆಯೇ ದಾರಿ ಹಿಡಿದು, ಚಿನ್ನದ ಕಣಗಳಿಗೆ ಸಿಲಿಕಾದ ಅತಿ ತೆಳುವಾದ ಹೊದಿಕೆ ತೊಡಿಸಿ, ಅವುಗಳನ್ನು ಪರೀಕ್ಷಿಸಬೇಕಾದ ವಸ್ತುವಿನ ಮೇಲೆಯೇ ಹರಡಿತು. ಕಿತ್ತಳೆ ಸಿಪ್ಪೆಯ ಮೇಲಿನ ಕೀಟನಾಶಕದ ಶೇಷವನ್ನೂ ಹೀಗೆ ಗುರುತಿಸಲಾಯಿತು.