ಗೂಗಲ್ ಟ್ರೆಂಡ್ಸ್
ಗೂಗಲ್‌ನಲ್ಲಿ ಜನ ಹುಡುಕುವ ಪದಗಳ ಏರಿಳಿತವನ್ನು ತೋರಿಸುವ ಉಚಿತ ಸೇವೆ. ಗೂಗಲ್ 2001ರಲ್ಲಿ ಶುರುಮಾಡಿದ, ಜನರ ಹುಡುಕಾಟಗಳ ‘ಝೈಟ್‌ಗೈಸ್ಟ್’ ಪಟ್ಟಿಗಳ ನಂತರ, 2006ರಲ್ಲಿ ಬಂದಿತು. ಮಾಹಿತಿ 2004ರಿಂದ ಸಿಗುತ್ತದೆ. ಹುಡುಕಾಟಗಳ ನಿಜಸಂಖ್ಯೆಯನ್ನು ಇದು ಕೊಡುವುದಿಲ್ಲ. ಆಯ್ದ ಅವಧಿಯಲ್ಲಿ ಒಟ್ಟು ಹುಡುಕಾಟಗಳಲ್ಲಿ ಪದವೊಂದರ ಪಾಲು ಅತಿ ಹೆಚ್ಚಿದ್ದ ಘಟ್ಟವನ್ನು 100 ಎಂದಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸುತ್ತದೆ. ಗೂಗಲ್‌ನ ವರ್ಷಾಂತ್ಯದ ಪಟ್ಟಿಗಳಲ್ಲೂ ಮಣೆ ದಿಢೀರನೆ ಏರಿದ ಪದಗಳಿಗೇ. ನಿತ್ಯ ಹುಡುಕುವ ‘ಹವಾಮಾನ’ದಂಥವಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ. 2020ರ ಭಾರತದ ಪಟ್ಟಿಯಲ್ಲಿ ಐಪಿಎಲ್ ಕ್ರಿಕೆಟ್, ಸಾಕ್ಷಾತ್ ಕೊರೊನಾವನ್ನೇ ಹಿಂದಿಕ್ಕಿತ್ತು. ಜನರ ಕುತೂಹಲದಿಂದ ರೋಗವನ್ನು ಅಳೆಯುವ ಯತ್ನ ಮಾತ್ರ ಎಡವಿತು: ಗೂಗಲ್‌ನದೇ 2008ರ ಸೇವೆ ‘ಫ್ಲೂ ಟ್ರೆಂಡ್ಸ್’, 2012–13ರ ಚಳಿಗಾಲದಲ್ಲಿ ಅಮೆರಿಕದ ಫ್ಲೂ ಹಾವಳಿಯನ್ನು ವಿಪರೀತ ಹಿಗ್ಗಿಸಿ ಅಂದಾಜಿಸಿತು, 2015ರಲ್ಲಿ ಅದರ ಪ್ರಕಟಣೆ ನಿಂತಿತು.